ಖಾಲಿ ಪಾತ್ರೆ ಮರಳಿಸಬಾರದು

ಆ ವರ್ಷ ಅಮೆರಿಕದ ಹಾರ್ಟನ್ ಗ್ಯಾಪ್ ಎಂಬ ಊರಿನಲ್ಲಿ ಯಾರ ಮನೆಗೆ ಹೋದರೂ ತುದಿ ಇಲ್ಲದ ಕಾಲುಚೀಲ ಕಾಣುತ್ತಿತ್ತು. ಊರಿನ ಕಾಲುಚೀಲದ ಮಿಲ್ಲು ಮುಚ್ಚಿದ ದಿನ ಮಾಲೀಕರು ಒಬ್ಬೊಬ್ಬ ಕೆಲಸಗಾರರಿಗೂ ಒಂದೊಂದು ಮೂಟೆ ಕಾಲುಚೀಲ ಉಡುಗೊರೆ ಕೊಟ್ಟು ಕಳಿಸಿದ್ದರು. ಹತ್ತಿಯೇನೋ ಒಳ್ಳೆಯದೇ. ಆದರೆ ಬೆರಳ ತುದಿ ಹೊಲಿಯುವ ಯಂತ್ರಗಳನ್ನು ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಹೊಂಡುರಾಸ್ ದೇಶಕ್ಕೆ ಸಾಗಿಸಿದ್ದರಿಂದ, ಕೊನೆಕೊನೆಗೆ ಹೆಣೆದದ್ದೆಲ್ಲ ಎರಡೂ ಕಡೆ ಬಾಯಿ ಬಿಟ್ಟ ಕೊಳವೆಗಳು. ಕಾಲು ತೂರಿಸಿದರೆ ಐದೂ ಬೆರಳು ಆ ಕಡೆಯಿಂದ ಹೊರಗೆ ಬಂದು ಗಾಳಿ ಸೇವನೆ ಮಾಡುತ್ತಿದ್ದವು.

ರೇಫರ್ಡ್ ಸ್ಟ್ಯಾನ್ಸಿಲ್ ಮನೆಯಲ್ಲಿ ಅಂಥ ಮೂಟೆ ಎರಡಿದ್ದವು. ಒಂದು ಅವನದು, ಇನ್ನೊಂದು ಅವನ ಹೆಂಡತಿ ನೆಲ್ಡಾಳದು. ಇಬ್ಬರೂ ಮಿಲ್ಲಿನಲ್ಲೇ ದುಡಿದವರು. ಅವಳು ಕಾಲಿನ ಆಕಾರದ ಅಚ್ಚಿಗೆ ಚೀಲ ಏರಿಸಿ ಇಸ್ತ್ರಿ ಮಾಡುತ್ತಿದ್ದಳು. ಅವನು ಹೆಣಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಯಂತ್ರ ಕೆಟ್ಟರೆ ಬೇರೆಯವರು ಮುಚ್ಚಳ ಬಿಚ್ಚಿ ನೋಡುತ್ತಿದ್ದರು, ರೇಫರ್ಡ್ ಬಾಗಿಲಲ್ಲೇ ನಿಂತು ಕಿವಿಗೊಟ್ಟು ಕೇಳಿ ರೋಗ ಹೇಳಿಬಿಡುತ್ತಿದ್ದ. ಈಗ ಆ ಮಹಾನುಭಾವ ಟೊಮೇಟೊ ಗಿಡಗಳನ್ನು ಕೋಲಿಗೆ ಕಟ್ಟಲು ಕಾಲುಚೀಲ, ಪಿಕಪ್ ಒರೆಸಲು ಕಾಲುಚೀಲ, ಚಳಿಗೆ ನಾಯಿಯ ಕುತ್ತಿಗೆಗೆ ಕಾಲುಚೀಲ ಎಂದು ಉಪಯೋಗ ಹುಡುಕುತ್ತ ಕೂತಿದ್ದ. ಹೊರಗಿನವರ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡಿ ಅಷ್ಟಿಷ್ಟು ಸಂಪಾದಿಸುತ್ತಿದ್ದ. ನಿರುದ್ಯೋಗ ಭತ್ಯೆ ಬೇಸಿಗೆಯಲ್ಲೇ ಮುಗಿದಿತ್ತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ, ಅವರ ಹತ್ತಿರ ಕುಡಿಕೆಯೂ ದೊಡ್ಡದಿರಲಿಲ್ಲ.

ಅಲಬಾಮದ ಆ ಬೆಟ್ಟದ ಸೆರಗಿನಲ್ಲಿ ಒಂದು ಪದ್ಧತಿಯಿದೆ. ಯಾರ ಮನೆಯಲ್ಲಿ ಸಾವಾದರೂ, ಕಾಯಿಲೆಯಾದರೂ, ಕಷ್ಟ ಬಂದರೂ ನೆರೆಹೊರೆಯವರು ಓವನ್ನಿನಲ್ಲಿ ಬೇಯಿಸಿದ ಅಡುಗೆ ತರುತ್ತಾರೆ. ಕೋಳಿ ಹಾಕಿದ ಅನ್ನ, ಚೀಸ್ ಸುರಿದ ಮೆಕರೋನಿ, ಬೀನ್ಸು. ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ಉಂಡವರು ಪಾತ್ರೆ ತೊಳೆದು ವಾಪಸ್ ಕೊಡಬೇಕು, ಆದರೆ ಖಾಲಿ ಕೊಡುವಂತಿಲ್ಲ. ಏನಾದರೂ ತುಂಬಿಯೇ ಕೊಡಬೇಕು. ಖಾಲಿ ಪಾತ್ರೆ ಮರಳಿಸಿದವಳ ಬಗ್ಗೆ ಹಾರ್ಟನ್ ಗ್ಯಾಪ್‌ನಲ್ಲಿ ಅವಳು ಸತ್ತ ಮೇಲೂ ಮಾತಾಡುತ್ತಾರೆ.

ಮಿಲ್ಲು ಮುಚ್ಚಿದಾಗ ಎಡವಟ್ಟಾದದ್ದು ಇಲ್ಲಿಯೇ. ಕಷ್ಟ ಎಲ್ಲರ ಮನೆಗೂ ಒಟ್ಟಿಗೇ ಬಂತು. ಹಾಗಾಗಿ ಎಲ್ಲರೂ ಎಲ್ಲರ ಮನೆಗೂ ಅಡುಗೆ ಹೊತ್ತರು. ರೇಫರ್ಡ್ ಮನೆಯ ಮೆಕರೋನಿ ರಸ್ತೆಯ ಆ ತುದಿಗೆ ಹೋದರೆ, ಆ ತುದಿಯ ಕೋಳಿ ಅನ್ನ ಈ ಕಡೆಗೆ ಬರುತ್ತಿತ್ತು. ಒಮ್ಮೆಯಂತೂ ನೆಲ್ಡಾ ಮಾಡಿದ ಬೀನ್ಸು ಮೂರು ಮನೆ ಸುತ್ತಿ ಅವಳ ಬಾಗಿಲಿಗೇ ಬಂತು. ಅವಳು ಒಂದು ತುತ್ತು ತಿಂದು, "ಉಪ್ಪು ಕಡಿಮೆ. ಯಾರಪ್ಪ ಇದನ್ನ ಮಾಡಿದ್ದು?" ಅಂದಳು.

ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ ಪಕ್ಕದ ಮನೆಯ ಓಪಲ್ ಹಟ್ಟೊ ನೀಲಿ ಹೂವಿನ ಪಾತ್ರೆಯಲ್ಲಿ ಕೋಳಿ ಅನ್ನ ಹಿಡಿದುಕೊಂಡು ಬಂದಳು. ಗಂಡ ತೀರಿಹೋಗಿದ್ದ, ರೇಫರ್ಡ್‌ಗಿಂತ ಏಳೆಂಟು ವರ್ಷ ದೊಡ್ಡವಳು, ಹಿರಿಯ ಹೆಂಗಸರನ್ನು ಕರೆಯುವ ಆ ಊರಿನ ರೂಢಿಯಂತೆ ಎಲ್ಲರಿಗೂ "ಮಿಸ್ ಓಪಲ್". ಮಿಲ್ಲಿನಲ್ಲಿ ಬೆರಳ ತುದಿ ಹೊಲಿಯುವ ಸಾಲಿನಲ್ಲಿ ಕೂರುತ್ತಿದ್ದಳು. ಎಲ್ಲರಿಗಿಂತ ಮೊದಲು ಕೆಲಸ ಹೋದದ್ದು ಆ ಸಾಲಿನ ಹೆಂಗಸರಿಗೆ. ಅವಳ ಜಗಲಿಯಲ್ಲಿ "ಮನೆ ಮಾರಾಟಕ್ಕಿದೆ" ಎಂಬ ಹಲಗೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದನ್ನು ಅಂಗಳದಲ್ಲಿ ನೆಡಲು ಅವಳಿಗೆ ಇನ್ನೂ ಮನಸ್ಸು ಬಂದಿರಲಿಲ್ಲ.

"ರೇಫರ್ಡ್, ಊಟ ಆಮೇಲೆ. ಮೊದಲು ಇದಕ್ಕೊಂದು ಸಹಿ ಹಾಕು," ಎಂದು ಕೈಚೀಲದಿಂದ ಅರ್ಜಿಯೊಂದನ್ನು ತೆಗೆದಳು.

"ಏನಿದು ಮಿಸ್ ಓಪಲ್?"

"ಸರ್ಕಾರದ ನೆರವು ಕಣೋ. ನಾವು ಮಾಡ್ತಿದ್ದ ಕೆಲಸ ಹೊರದೇಶಕ್ಕೆ ಹೋಗಿ ನಮಗೆ ಕೆಲಸ ಇಲ್ಲದಂಗೆ ಆಗಿದ್ರೆ, ಹೊಸ ಕೆಲಸ ಕಲಿಯೋಕೆ ಕಾಲೇಜಿನ ಫೀಸು ಅವರೇ ಕಟ್ತಾರೆ. ಕಲಿಯೋವಾಗ ಮನೆ ಖರ್ಚಿಗೆ ವಾರ ವಾರ ದುಡ್ಡೂ ಬರುತ್ತೆ. ನಮ್ಮ ನಾದಿನಿ ಇಲ್ವಾ, ಜಾರ್ಜಿಯಾದವಳು? ಅವಳ ಬಟ್ಟೆ ಮಿಲ್ಲು ಹೋದಾಗ ಇದರಲ್ಲೇ ಓದಿದ್ದು. ಈಗ ಆಸ್ಪತ್ರೇಲಿ ರಕ್ತ ತೆಗೀತಾಳೆ. ಮೊದಲು ಇಲಿ ಕಂಡರೆ ಕುರ್ಚಿ ಹತ್ತುತ್ತಿದ್ದಳು!"

"ನನಗೆ ಬೇಡ."

"ಪೂರ್ತಿ ಕೇಳೋ ಮಾರಾಯ."

"ಸ್ಟ್ಯಾನ್ಸಿಲ್ ಮನೆತನದವರು ಯಾರ ಹತ್ರಾನೂ ಬಿಟ್ಟಿ ತಗೊಂಡಿಲ್ಲ," ಎಂದು ರೇಫರ್ಡ್ ಎದೆ ಸೆಟೆಸಿದ. ಹಾಗೆ ಹೇಳುವಾಗ ಅವನ ಎಡ ಪಾದದ ಐದು ಬೆರಳೂ ಕಾಲುಚೀಲದಿಂದ ಹೊರಗೆ ಇಣುಕುತ್ತಿದ್ದವು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಅಂದಳು ನೆಲ್ಡಾ ಒಲೆಯ ಕಡೆಯಿಂದ.

ಅಷ್ಟರಲ್ಲಿ ಫೋನು ರಿಂಗಾಯಿತು. ರೇಫರ್ಡ್ ಓಡಿಹೋಗಿ ಎತ್ತಿಕೊಂಡ. ಆ ಕಡೆ ಹೊಂಡುರಾಸ್‌ನ ಕಾರ್ಖಾನೆಯ ಮೆಕ್ಯಾನಿಕ್ಕು. ಅವನಿಗೆ ಇಂಗ್ಲಿಷ್ ಬರದು, ಇವನಿಗೆ ಸ್ಪ್ಯಾನಿಷ್ ಬರದು. ಯಂತ್ರಗಳ ಜೊತೆ ರೇಫರ್ಡ್ ಬರೆದಿಟ್ಟಿದ್ದ ನಂಬರಿಗೆ ವಾರಕ್ಕೊಮ್ಮೆಯಾದರೂ ಫೋನು ಬರುತ್ತಿತ್ತು. ಅವರ ಸಂಭಾಷಣೆ ಹೀಗಿತ್ತು:

"ಕಟಕ್ ಕಟಕ್ ಕಟಕ್... ಕರ್ರ್‌ರ್!" ಅಂದಿತು ಫೋನು.

"ಕರ್ರ್‌ರ್ ಅಂತಾ? ಅಥವಾ ಕಿರ್ರ್ ಅಂತಾ?"

"ಕರ್ರ್‌ರ್!"

"ಟಪ್ ಇದೆಯಾ? ಕೊನೇಲಿ ಟಪ್?"

"ಸೀ, ಸೀ! ಟಪ್!"

"ಎಣ್ಣೆ ಹಾಕಬೇಡ. ಎಣ್ಣೆ ನೋ! ಸೂಜಿ ಬಗ್ಗಿದೆ. ಸೂಜಿ... ಟಿಂಗ್! ಬಗ್ಗಿ... ಟುಂಯ್! ತಿಳೀತಾ?"

ಆ ಕಡೆ ಫೋನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ದೂರದಿಂದ ಕಟಕ್ ಕಟಕ್ ಕಟಕ್ ಎಂದು ಯಂತ್ರ ಸರಾಗವಾಗಿ ಓಡುವ ಸದ್ದು ಕೇಳಿಸಿತು. ರೇಫರ್ಡ್ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳಿದ. ಮಗಳ ಗಂಡನ ಮನೆಯಿಂದ ಸುದ್ದಿ ಬಂದ ಅಪ್ಪನ ಮುಖವಿತ್ತು ಅವನದು. ಫೋನು ಇಟ್ಟು ತಿರುಗಿದರೆ ಓಪಲ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದಕ್ಕೆ ಎಷ್ಟು ಕೊಡ್ತಾರೆ ನಿನಗೆ?"

"ಯಾಕೆ ಕೊಡ್ತಾರೆ? ಪಾಪ, ಅವನಿಗೂ ಹೊಟ್ಟೆಪಾಡು."

"ಭಲೆ! ನಿನ್ನ ಕೆಲಸ ತಗೊಂಡು ಹೋದ ಯಂತ್ರಕ್ಕೆ ನೀನೇ ಬಿಟ್ಟಿ ಡಾಕ್ಟ್ರು. ಕೊಡೋದು ಬಿಟ್ಟಿಯಾದ್ರೆ ಪರವಾಗಿಲ್ಲ, ತಗೊಳ್ಳೋದು ಮಾತ್ರ ಆಗಲ್ಲ. ಇರ್ಲಿ, ಸಹಿ ಹಾಕು. ಮೂರು ಜನ ಕೆಲಸಗಾರರು ಸಹಿ ಹಾಕಿದ್ರೆ ಸಾಕು, ಇಡೀ ಮಿಲ್ಲಿನವರ ಪರವಾಗಿ ಅರ್ಜಿ ಹೋಗುತ್ತೆ. ನಾನು ಹಾಕಿದೀನಿ."

ಮೂರು ಜನ ಎಂದದ್ದೇ ತಡ, ರೇಫರ್ಡ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವನಿಗೆ ಭಯವೆಂದರೆ ಅದೊಂದೇ. ಅವನ ಅಪ್ಪನ ಕಾಲದಲ್ಲಿ ಮಿಲ್ಲಿನ ಹೆಸರಿರುವ ಯಾವ ಕಾಗದ ಕೈಯಿಂದ ಕೈಗೆ ಓಡಾಡಿದರೂ ಅದು ಕಾರ್ಮಿಕ ಸಂಘದ ಕಾಗದವೇ. ಅದಕ್ಕೆ ಸಹಿ ಹಾಕಿದವನ ಹಾಜರಿ ಮರುವಾರ ಇರುತ್ತಿರಲಿಲ್ಲ. "ಮಗಾ, ಗೇಟಿನ ಹತ್ರ ಯಾರೇ ಪೆನ್ನು ಕೊಟ್ರೂ ಜೇಬಲ್ಲಿ ಕೈ ಇಟ್ಕೊ," ಎಂದು ಅಪ್ಪ ಸಾಯುವ ವರ್ಷವೂ ಹೇಳಿದ್ದ. ಆ ಮಾತು ಹಾಲಿನ ಜೊತೆ ಹೊಟ್ಟೆಗೆ ಇಳಿದುಬಿಟ್ಟಿತ್ತು. ರೇಫರ್ಡ್ ಈಗಲೂ ಎರಡೂ ಕೈ ಜೇಬಿಗೆ ಇಳಿಸಿದ.

"ಗೊತ್ತಾದ್ರೆ ಕೆಲಸದಿಂದ ತೆಗೀತಾರೆ," ಅಂದ.

"ಯಾವ ಕೆಲಸದಿಂದ?" ಅಂದಳು ನೆಲ್ಡಾ.

"ಮತ್ತೆ ಮಿಲ್ಲು ತೆರೆದ್ರೆ?" ಅಂದ ರೇಫರ್ಡ್.

"ಏನಿಟ್ಟು ತೆರೀತಾರೆ? ಯಂತ್ರಾನೆಲ್ಲ ಪೆಟ್ಟಿಗೆ ಕಟ್ಟಿ ಕಳಿಸಿದ್ದು ನೀನೇ ಅಲ್ವಾ? ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕ್ತಾ ಕೂತಿದ್ದೀಯ!" ಎಂದು ನೆಲ್ಡಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು, ಫ್ರೀಜರಿನ ಮೇಲೆ ಅರ್ಜಿ ಇಟ್ಟು, ಗಂಡನ ಕಣ್ಣೆದುರೇ ಸಹಿ ಹಾಕಿದಳು. "ಎರಡಾಯ್ತು, ಮಿಸ್ ಓಪಲ್."

ಇನ್ನೊಂದು ಸಹಿಗೆ ಊರಲ್ಲಿ ಜನರಿಲ್ಲವೇ? ಬೇಕಾದಷ್ಟು ಜನ ಇದ್ದರು. ಆದರೆ ಓಪಲ್ ಯಾರ ಬಾಗಿಲು ತಟ್ಟಿದರೂ ಒಂದೇ ಪ್ರಶ್ನೆ: "ರೇಫರ್ಡ್ ಹಾಕಿದನಾ?" ಯಂತ್ರದ ಸದ್ದು ಕೇಳಿ ರೋಗ ಹೇಳುವ ಮನುಷ್ಯ ಕಾಗದ ನೋಡಿ ಹೆದರಿದ್ದಾನೆ ಎಂದರೆ ಅದರಲ್ಲೇನೋ ಇರಬೇಕು ಎಂದು ಜನ ತಿಳಿದರು. ರೇಫರ್ಡ್‌ಗಂತೂ ಇದು ಒಳಗೊಳಗೇ ಖುಷಿ. ಬೆಳಗ್ಗೆ ಪೆಟ್ರೋಲ್ ಬಂಕಿನ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತ, ಕೆಲಸ ಇಲ್ಲದ ಗಂಡಸರ ನಡುವೆ, "ಕಾಗದ ಅಂದ್ರೆ ಹುಷಾರಾಗಿರ್ಬೇಕು," ಎಂದು ತಲೆಯಾಡಿಸುತ್ತಿದ್ದ. ಅವರೂ ತಲೆಯಾಡಿಸುತ್ತಿದ್ದರು. ಹಾಗೆ ತಲೆಯಾಡಿಸುತ್ತಲೇ ಮೂರು ದಿನ ಕಳೆದವು.

ಗುರುವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಸಭೆ. ಜಿಲ್ಲಾ ಉದ್ಯೋಗ ಕಚೇರಿಯಿಂದ ವಿಡಾ ಓಡಮ್ ಎಂಬ ಹೆಂಗಸು ಬಂದು ವಿವರ ಹೇಳುತ್ತಾಳೆ ಎಂದು ಓಪಲ್ ಊರಿಗೆಲ್ಲ ಸಾರಿದ್ದಳು. ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತರಬೇಕು ಎಂದೂ ಸೇರಿಸಿದ್ದಳು, ಏಕೆಂದರೆ ಭಾಷಣಕ್ಕೆ ಬಾರದವರು ಬಾಳೆಹಣ್ಣಿನ ಪುಡಿಂಗಿಗೆ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ರೇಫರ್ಡ್ ಬರುವುದಿಲ್ಲ ಎಂದು ಹಟ ಹಿಡಿದ. ನೆಲ್ಡಾ ಒಲೆ ಆರಿಸಿ ಪರ್ಸು ಎತ್ತಿಕೊಂಡು, "ಹಾಗಾದ್ರೆ ಮನೇಲಿ ಸಾಸಿವೆ ಸಾಸ್ ಇದೆ, ನೆಕ್ಕೊ," ಎಂದು ಹೊರಟಳು. ರೇಫರ್ಡ್ ಅವಳಿಗಿಂತ ಮೊದಲೇ ಪಿಕಪ್ಪಿನಲ್ಲಿ ಕೂತಿದ್ದ.

ವಿಡಾ ಓಡಮ್ ದಪ್ಪ ಕನ್ನಡಕದ ಗಟ್ಟಿ ದನಿಯ ಹೆಂಗಸು. ಸೂಟು ಹಾಕಿಕೊಂಡ ಕಚೇರಿಯವಳು ಬರುತ್ತಾಳೆ ಎಂದು ಎಲ್ಲರೂ ಬಿಗಿಯಾಗಿ ಕೂತಿದ್ದರೆ ಆಕೆ ಖಾರ ಹಾಕಿದ ಮೊಟ್ಟೆಯ ತಟ್ಟೆ ಹಿಡಿದು ಬಂದಳು.

"ನಾನು ಮೊದಲು ಶರ್ಟಿನ ಕಾರ್ಖಾನೇಲಿ ಕಾಲರ್ ಹೊಲೀತಿದ್ದೆ," ಎಂದು ಮಾತು ಶುರು ಮಾಡಿದಳು. "ಅದೂ ಕಡಲು ದಾಟಿತು. ಆಗ ಇದೇ ನೆರವಲ್ಲಿ ಓದಿ ಈ ಕುರ್ಚಿಗೆ ಬಂದೆ. ಅದಕ್ಕೇ ನನ್ನ ಹತ್ರ ಯಾವ ಪ್ರಶ್ನೆ ಕೇಳೋಕೂ ನಾಚಿಕೆ ಪಡಬೇಡಿ. ಅದಕ್ಕಿಂತ ದಡ್ಡ ಪ್ರಶ್ನೇನ ನಾನೇ ಕೇಳಿದೀನಿ."

"ಅರ್ಜಿಗೆ ಎಷ್ಟು ಕೊಡ್ಬೇಕು?" ಎಂದಿತು ಹಿಂದಿನ ಸಾಲು.

"ಒಂದು ಸೆಂಟೂ ಬೇಡ. ಯಾರಾದ್ರೂ ದುಡ್ಡು ಕೇಳಿದ್ರೆ ಅವನು ಕಳ್ಳ."

"ಮಾಲೀಕರ ಒಪ್ಪಿಗೆ ಬೇಕಲ್ವಾ ತಾಯಿ?"

"ಬೇಡ. ಕೆಲಸ ಹೊರಗೆ ಹೋಗಿದ್ದು ನಿಜವಾ ಅಂತ ಸರ್ಕಾರದವರೇ ವಿಚಾರಿಸ್ತಾರೆ. ನಿಜ ಅಂತಾದ್ರೆ, ಸಹಿ ಹಾಕಿದವರಿಗೆ ಮಾತ್ರ ಅಲ್ಲ, ಆ ಕೆಲಸ ಕಳಕೊಂಡ ಅಷ್ಟೂ ಜನರಿಗೂ ದಾರಿ ತೆರೆಯುತ್ತೆ. ಆಮೇಲೆ ಒಬ್ಬೊಬ್ಬರೂ ಬಂದು ಹೆಸರು ಕೊಡಬೇಕು. ಅದಕ್ಕೂ ಗಡುವು ಇರುತ್ತೆ, ಮರೆತು ಕೂರಬೇಡಿ."

"ನನಗೆ ಐವತ್ತು ದಾಟಿತು. ಈ ವಯಸ್ಸಲ್ಲಿ ಯಾವ ಕಾಲೇಜು?"

"ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದ್ರೆ, ಕಮ್ಮಿ ಬಿದ್ದಿದ್ದರಲ್ಲಿ ಸ್ವಲ್ಪ ಭಾಗ ತುಂಬಿಕೊಡೋ ಏರ್ಪಾಡೂ ಇದೆ. ನಿಮಗೆ ಯಾವುದು ಸರಿಹೋಗುತ್ತೆ ಅಂತ ಬಂದು ಕೇಳಿ, ಕೂತು ನೋಡೋಣ."

ರೇಫರ್ಡ್ ಪುಡಿಂಗಿನ ತಟ್ಟೆ ಕೆಳಗಿಟ್ಟು ಎದ್ದು ನಿಂತ. ಎಲ್ಲರೂ ಅವನ ಕಡೆ ತಿರುಗಿದರು.

"ಮೇಡಂ, ಸಹಿ ಹಾಕಿದೋರನ್ನ ಕೆಲಸದಿಂದ ತೆಗೆಯೋದಿಲ್ಲ ಅಂತ ಏನು ಗ್ಯಾರಂಟಿ?"

ವಿಡಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದಳು. "ನಿಮಗೀಗ ಕೆಲಸ ಇದೆಯಾ ಸರ್?"

"ಇಲ್ಲ."

"ಹಾಗಾದ್ರೆ ನಾನು ಗ್ಯಾರಂಟಿ."

ನಕ್ಕವರಲ್ಲಿ ಪೆಟ್ರೋಲ್ ಬಂಕಿನ ಗೆಳೆಯರೇ ಮುಂದೆ. ರೇಫರ್ಡ್ ಕಿವಿ ಕೆಂಪಗಾದವು. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. "ಏನೇ ಅನ್ನಿ, ನನಗಿನ್ನೂ ಬೇಕಾದಷ್ಟು ಟೈಮಿದೆ. ಡಿಸೆಂಬರ್‌ವರೆಗೂ ಕೆಲಸ ಮಾಡಿದವನು ನಾನು. ಯೋಚನೆ ಮಾಡಿ ಹೇಳ್ತೀನಿ," ಅಂದ.

"ನಿಮಗೆ ಟೈಮಿದೆ, ನಿಜ," ಅಂದಳು ವಿಡಾ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಕೆಲಸ ಹೋಗಿ ಒಂದು ವರ್ಷದ ಒಳಗೆ ಅರ್ಜಿ ಬರಬೇಕು. ನಿಮ್ಮಲ್ಲಿ ಬೆರಳತುದಿ ಸಾಲಿನವರನ್ನ ಮೊದಲು ಕಳಿಸಿದ್ರು. ಅವರಿಗೆ ಒಂದು ವರ್ಷ ಆಗೋದು ನಾಳೆ. ನಾಳೆ ಕಚೇರಿ ಮುಚ್ಚೋದ್ರೊಳಗೆ ಮೂರು ಸಹಿಯ ಅರ್ಜಿ ಫ್ಯಾಕ್ಸ್ ಆದ್ರೆ ಅವರೂ ಒಳಗೆ. ಸೋಮವಾರ ಆದ್ರೆ ನೀವು ಒಳಗೆ, ಅವರು ಹೊರಗೆ."

ರೇಫರ್ಡ್ ಓಪಲ್ ಕಡೆ ತಿರುಗಿದ. ಅವಳು ಮೂರು ದಿನವೂ ಈ ಮಾತು ಅವನಿಗೆ ಹೇಳಿರಲಿಲ್ಲ.

"ಮೊದಲೇ ಯಾಕೆ ಹೇಳ್ಲಿಲ್ಲ ಮಿಸ್ ಓಪಲ್?"

"ನನಗೋಸ್ಕರ ಅಂತ ಹಾಕಿಸ್ಕೊಂಡ್ರೆ ಅದು ಬಿಟ್ಟಿ ಆಗ್ತಿತ್ತಲ್ವೇನೋ," ಅಂದಳು ಓಪಲ್. ನಗುತ್ತಲೇ ಅಂದಳು, ಆದರೆ ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡುತ್ತಿದ್ದಳು. "ನಿನಗೇ ಬುದ್ಧಿ ಬರ್ಲಿ ಅಂತ ಕಾದೆ. ಒಂದು ಮಾತು ಹೇಳ್ತೀನಿ ಕೇಳು. ಮೂವತ್ತು ವರ್ಷ ಪ್ರತಿ ಸಂಬಳದಲ್ಲೂ ತೆರಿಗೆ ಕೊಟ್ಟಿದೀಯ. ಅದು ನೀನು ತುಂಬಿ ಕಳಿಸಿದ ಪಾತ್ರೆ ಕಣೋ. ಯಾರ್‌ಯಾರ ಮನೆ ಕಷ್ಟಕ್ಕೋ ಹೋಯ್ತು. ಈಗ ತುಂಬ್ಕೊಂಡು ವಾಪಸ್ ಬಂದು ನಿನ್ನ ಬಾಗಿಲಲ್ಲಿ ನಿಂತಿದೆ. ತಳ ತಿರುಗಿಸಿ ನೋಡು, ನಿನ್ನ ಹೆಸರೇ ಇರುತ್ತೆ. ಬಾಗಿಲು ಹಾಕ್ಕೊಳ್ಳೋದು ಯಾವ ಮರ್ಯಾದೆ?"

ಅವನು ಪುಡಿಂಗ್ ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ಪಿಕಪ್ಪಿನಲ್ಲಿ ಕೂತ. ರೇಫರ್ಡ್ ಪುಡಿಂಗ್ ಬಿಟ್ಟ ಎಂಬ ಸುದ್ದಿ ಅವನಿಗಿಂತ ಮೊದಲು ಊರು ತಲುಪಿತು.

ಶುಕ್ರವಾರ ಬೆಳಗ್ಗೆ ಅವನು ಎದ್ದು ಬಂದರೆ ಅಡುಗೆಮನೆಯ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ರಾತ್ರಿ ನೆಲ್ಡಾ ಓಪಲ್‌ಳಿಂದ ಇಸಿದುಕೊಂಡು ಬಂದಿದ್ದ ಎರಡು ಸಹಿಯ ಅರ್ಜಿ. ಇನ್ನೊಂದು, ತೊಳೆದು ಒರೆಸಿಟ್ಟ ಓಪಲ್‌ಳ ನೀಲಿ ಹೂವಿನ ಪಾತ್ರೆ. ನೆಲ್ಡಾ ಕಾಫಿ ಕುಡಿಯುತ್ತ ಕೂತಿದ್ದಳು.

"ಪಾತ್ರೆ ವಾಪಸ್ ಕೊಟ್ಟು ಬಾ. ಮಿಸ್ ಓಪಲ್ ಹತ್ತು ಗಂಟೆಗೆ ಅರ್ಜಿ ತಗೊಂಡು ಪಟ್ಟಣಕ್ಕೆ ಹೊರಡ್ತಾಳೆ."

"ಏನು ತುಂಬಿದ್ದೀಯ?"

"ಏನೂ ಇಲ್ಲ. ಕೋಳಿ ಅನ್ನ ತಿಂದವನು ನೀನು. ನನಗೆ ಕೊನೆ ತುತ್ತೂ ಬಿಡಲಿಲ್ಲ. ನೀನೇ ತುಂಬು."

"ನನಗೆ ಅಡುಗೆ ಬರಲ್ಲ ಅಂತ ಗೊತ್ತಲ್ಲ."

"ಹಾಗಾದ್ರೆ ಖಾಲಿ ಕೊಡು. ಊರು ನೋಡ್ಲಿ."

ರೇಫರ್ಡ್ ಫ್ರಿಜ್ ತೆರೆದ. ಅರ್ಧ ಈರುಳ್ಳಿ, ಸಾಸಿವೆ ಸಾಸ್, ಎಂದಿನದೋ ಒಂದು ತುಂಡು ಜೋಳದ ಬ್ರೆಡ್ಡು. ಬ್ರೆಡ್ಡಿನ ತುಂಡನ್ನು ಪಾತ್ರೆಯಲ್ಲಿಟ್ಟು ನೋಡಿದ. ದೊಡ್ಡ ಮೈದಾನದಲ್ಲಿ ಒಂಟಿ ಕುರಿ ನಿಂತ ಹಾಗಿತ್ತು. ತೆಗೆದು ಈರುಳ್ಳಿ ಇಟ್ಟ. ಅದು ಇನ್ನೂ ಅಧ್ವಾನ. ಕೊನೆಗೆ ಟೊಮೇಟೊ ಕಿತ್ತು ತರೋಣವೆಂದು ಹಿತ್ತಲಿಗೆ ಹೋದ. ಗಿಡಗಳೆಲ್ಲ ಕಾಲುಚೀಲ ಕಟ್ಟಿಕೊಂಡು ನಿಂತಿದ್ದವು, ಹಣ್ಣು ಮುಗಿದಿತ್ತು.

ಆ ಕಾಲುಚೀಲಗಳ ಬಾಯಿ ಬಿಟ್ಟ ತುದಿಗಳನ್ನು ನೋಡುತ್ತ ಅವನಿಗೆ ಒಂದು ವರ್ಷದ ಹಿಂದಿನ ದಿನ ನೆನಪಾಯಿತು. ಓಪಲ್ ಕೂರುತ್ತಿದ್ದ ಯಂತ್ರದ ಬೋಲ್ಟು ಬಿಚ್ಚಿದವನು ಅವನೇ. ಪೆಟ್ಟಿಗೆಯೊಳಗೆ ಇಳಿಸುವ ಮುಂಚೆ ಅವಳು, "ಒಂದು ನಿಮಿಷ ಇರೋ," ಎಂದು ತನ್ನ ಏಪ್ರನ್ನಿನಿಂದ ಯಂತ್ರವನ್ನು ಪೂರ್ತಿ ಒರೆಸಿದ್ದಳು. ಸ್ನಾನ ಮಾಡಿಸಿ ಮಗುವನ್ನು ಊರಿಗೆ ಕಳಿಸುವವರ ಹಾಗೆ. ಅವನು ಪೆಟ್ಟಿಗೆಯ ಮೇಲೆ ಕಪ್ಪು ಮಾರ್ಕರಿನಿಂದ ಹೊಂಡುರಾಸ್ ಎಂದು ಬರೆದ. ಆ ಸಂಜೆ ಮನೆಗೆ ಬಂದು ಊಟ ಮಾಡಲಿಲ್ಲ, ನೆಲ್ಡಾ ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದ. ಹೊಟ್ಟೆ ಸರಿಯಾಗೇ ಇತ್ತು, ಅವನಿಗೆ ಅಳು ಬಂದಿತ್ತು. ಈಗ ಮತ್ತೆ ಬಂತು. ತಾನು ಬೇಡವೆಂದರೆ ತನಗೊಬ್ಬನಿಗೇ ನಷ್ಟ ಎಂದುಕೊಂಡಿದ್ದ. ಪಕ್ಕದ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಆ ಹಲಗೆ ಬೇಲಿಯಾಚೆ ಕಾಣುತ್ತಿತ್ತು.

ಅವನು ದಡದಡ ಒಳಗೆ ಬಂದ. "ನೆಲ್ಡಾ, ಪೆನ್ನೆಲ್ಲಿ?"

ಮನೆಯಲ್ಲಿದ್ದ ಪೆನ್ನುಗಳಲ್ಲಿ ಒಂದೂ ಬರೆಯಲಿಲ್ಲ. ಒಂದನ್ನು ಉಜ್ಜಿದ, ಇನ್ನೊಂದನ್ನು ಕೊಡವಿದ, ಮತ್ತೊಂದನ್ನು ನಾಲಿಗೆಗೆ ತಾಗಿಸಿ ಬಾಯಿ ನೀಲಿ ಮಾಡಿಕೊಂಡ. ಓಪಲ್‌ಳ ಕಾರು ಸ್ಟಾರ್ಟಾದ ಸದ್ದು ಕೇಳಿಸಿತು. ಕಾರು ಹೊರಡಲಿಲ್ಲ, ಕೆಮ್ಮಿ ನಿಂತಿತು. "ಪ್ಲಗ್ಗು ಹೋಗಿದೆ," ಎಂದು ರೇಫರ್ಡ್ ಅಂಥ ಗಡಿಬಿಡಿಯಲ್ಲೂ ಗೊಣಗಿದ. ಕೊನೆಗೆ ತನ್ನ ಉಪಕರಣದ ಪೆಟ್ಟಿಗೆ ತೆರೆದು, ತಳದಲ್ಲಿದ್ದ ಆ ಕಪ್ಪು ಮಾರ್ಕರನ್ನೇ ತೆಗೆದು, ಮೂರನೆಯ ಗೆರೆಯ ಮೇಲೆ ತನ್ನ ಹೆಸರು ಬರೆದ. ಅಕ್ಷರ ಎಷ್ಟು ದಪ್ಪವಾಗಿತ್ತೆಂದರೆ ನೆಲ್ಡಾಳ ಸಹಿಯ ಬಾಲವನ್ನೂ ನುಂಗಿತು.

ಓಪಲ್ ಕಾರಿನ ಕೀಲಿ ತಿರುಗಿಸುತ್ತ ಬೈಯುತ್ತಿದ್ದಾಗ ಕಿಟಕಿಯಲ್ಲಿ ರೇಫರ್ಡ್ ಕಾಣಿಸಿಕೊಂಡ. ಕೈಯಲ್ಲಿ ನೀಲಿ ಹೂವಿನ ಪಾತ್ರೆ, ಮೇಲೆ ನೀಟಾಗಿ ಮುಚ್ಚಿದ ಅಲ್ಯೂಮಿನಿಯಂ ಹಾಳೆ.

"ಪಾತ್ರೆ ತಂದೆ ಮಿಸ್ ಓಪಲ್."

"ಈಗ ಊಟದ ಹೊತ್ತೇನೋ? ಏನು ಮಾಡಿದ್ದೀಯ?"

"ನೀವೇ ನೋಡಿ."

ಓಪಲ್ ಹಾಳೆ ಎತ್ತಿ ನೋಡಿದಳು. ಒಳಗೆ ಮೂರೂ ಸಹಿ ಬಿದ್ದ ಅರ್ಜಿ. ಅಂಗೈಯಿಂದ ಮೂಗು ಒರೆಸಿಕೊಂಡು, "ಮಸಾಲೆ ಸ್ವಲ್ಪ ಜಾಸ್ತಿ ಆಯ್ತು," ಎಂದು ಆ ದಪ್ಪ ಅಕ್ಷರಗಳನ್ನು ತೋರಿಸಿದಳು. "ನಿನ್ನ ಬಾಯಿ ಯಾಕೆ ನೀಲಿ?"

"ಆಮೇಲೆ ಹೇಳ್ತೀನಿ. ನಿಮ್ಮ ಕಾರು ಹೊರಡಲ್ಲ. ನನ್ನ ಪಿಕಪ್ಪಿಗೆ ಹತ್ತಿ."

ಪೆಟ್ರೋಲ್ ಬಂಕಿನ ಮುಂದೆ ಗೆಳೆಯರು ಕೈಯಡ್ಡ ಹಾಕಿ, "ಎಲ್ಲಿಗೋ?" ಎಂದರು. ರೇಫರ್ಡ್ ನೀಲಿ ಬಾಯಿ ತೆರೆದು, "ಸಹಿ ಹಾಕಿದೆ ಕಣ್ರೋ! ಇನ್ನೂ ಕೆಲಸದಿಂದ ತೆಗೆದಿಲ್ಲ!" ಎಂದು ಕೂಗಿದ. ಪಟ್ಟಣ ತಲುಪಿದಾಗ ಅವನ ಹಿಂದೆ ಐದು ಪಿಕಪ್ಪುಗಳಿದ್ದವು. ವಿಡಾ ಓಡಮ್ ಫ್ಯಾಕ್ಸ್ ಕಳಿಸಿ, ತಲುಪಿತು ಎಂಬ ಚೀಟಿ ಬಂದ ಮೇಲೆ ಓಪಲ್‌ಳನ್ನು ತಬ್ಬಿಕೊಂಡಳು.

ಉತ್ತರ ಮರುವಾರವೇ ಬರಲಿಲ್ಲ. ಸರ್ಕಾರದ ಕೆಲಸ, ವಿಚಾರಣೆಗೆ ಸಮಯ ಹಿಡಿಯಿತು. ಕೆಲಸ ನಿಜವಾಗಿ ಹೊರದೇಶಕ್ಕೆ ಹೋಯಿತೇ ಎಂದು ಒಬ್ಬ ಅಧಿಕಾರಿ ಫೋನು ಮಾಡಿ ಕೇಳಿದಾಗ ರೇಫರ್ಡ್, "ಹೋಗಿದೆಯಾ ಅಂತೀರಾ? ನಾಲ್ಕನೇ ಯಂತ್ರಕ್ಕೆ ಮೊನ್ನೆ ನೆಗಡಿಯಾಗಿತ್ತು ಸ್ವಾಮಿ, ನಾನೇ ಗುಣ ಮಾಡಿದ್ದು," ಅಂದ. ಚಳಿಗಾಲದಲ್ಲಿ ಮಂಜೂರಾತಿ ಬಂತು, ಬೆರಳತುದಿ ಸಾಲಿನ ಹೆಂಗಸರನ್ನೂ ಸೇರಿಸಿ.

ಓಪಲ್ ಈಗ ರೋಗಿಗಳ ಆರೈಕೆಯ ತರಬೇತಿ ಮುಗಿಸಿ ವೃದ್ಧರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಊರವರ ಮೂಟೆಗಳಲ್ಲಿ ಉಳಿದ ಮಿಲ್ಲಿನ ಕಾಲುಚೀಲಗಳ ತುದಿಯನ್ನು ಕೈಯಲ್ಲೇ ಹೊಲಿದು ಅಲ್ಲಿನ ಅಜ್ಜ ಅಜ್ಜಿಯರಿಗೆ ಹಾಕುತ್ತಾಳೆ. ಜಗಲಿಯ ಹಲಗೆ ಕೋಳಿಗೂಡಿನ ಬಾಗಿಲಾಗಿದೆ. "ಮನೆ ಮಾರಾಟಕ್ಕಿದೆ" ಎಂಬ ಬರಹ ಒಳಮುಖವಾಗಿರುವುದರಿಂದ ಕೋಳಿಗಳು ಮಾತ್ರ ಓದುತ್ತವೆ.

ರೇಫರ್ಡ್ ಏರ್ ಕಂಡೀಷನರ್ ರಿಪೇರಿ ಕಲಿಯಲು ಕಾಲೇಜಿಗೆ ಸೇರಿದ. ಮೊದಲ ದಿನ ನೆಲ್ಡಾ ಅವನ ತಲೆ ಬಾಚಿ ಕಳಿಸಿದಳು. ಮಗನ ವಯಸ್ಸಿನ ಮೇಷ್ಟ್ರು ಯಂತ್ರವೊಂದನ್ನು ಚಾಲೂ ಮಾಡಿ, "ಇದರ ದೋಷ ಏನಿರಬಹುದು? ಮುಚ್ಚಳ ಬಿಚ್ಚಿ ನೋಡಿ," ಎಂದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಬಿಚ್ಚೋದು ಬೇಡ ಸರ್. ಅದು ಗುರ್ರ್ ಅಂತಿದೆ, ಕೊನೇಲಿ ಟಿಕ್ ಇದೆ. ಫ್ಯಾನು ಸಡಿಲ." ಫ್ಯಾನು ಸಡಿಲವಾಗಿಯೇ ಇತ್ತು. ಹೊಂಡುರಾಸ್‌ನಿಂದ ಫೋನು ಈಗಲೂ ಬರುತ್ತದೆ. ರೇಫರ್ಡ್ ಈಗಲೂ ಬಿಟ್ಟಿಯಾಗಿಯೇ ಹೇಳುತ್ತಾನೆ, ಆ ವಿಷಯದಲ್ಲಿ ಅವನನ್ನು ತಿದ್ದಲು ಯಾರಿಂದಲೂ ಆಗಿಲ್ಲ.

ಓದುವ ಅಕ್ಕ, ಕೇಳುವ ಅಣ್ಣ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಕಾರ್ಖಾನೆಯಲ್ಲೂ ಯಂತ್ರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾರೆಯೇ? ಮಾಲೀಕರು ಹೇಳಲಿ ಎಂದು ಕಾಯಬೇಡಿ. ಪಕ್ಕದವರು ಮೊದಲು ಹೋಗಲಿ ಎಂದೂ ಕಾಯಬೇಡಿ, ಅವರು ನಿಮ್ಮನ್ನು ನೋಡುತ್ತ ಕಾಯುತ್ತಿರುತ್ತಾರೆ. ಉದ್ಯೋಗ ಕಚೇರಿಗೆ ಹೋಗಿ, ಕೆಲಸ ಹೋದವರಿಗೆ ಈಗ ಯಾವ ನೆರವಿದೆ, ಗಡುವು ಯಾವತ್ತು ಎಂದು ಬಾಯಿಬಿಟ್ಟು ಕೇಳಿ. ನೆರವಿನ ಹೆಸರು ಬದಲಾಗಬಹುದು, ನಿಯಮವೂ ಬದಲಾಗಬಹುದು. ಕೇಳಿದರೆ ಖರ್ಚಿಲ್ಲ. ಯಾರಿಗೂ ಲಂಚ ಕೊಡಬೇಡಿ. ನಾಚಿಕೆ ಬಂದರೆ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮೂವರಾಗುತ್ತೀರಿ. ಅದು ದಾನವಲ್ಲ. ವರ್ಷಗಟ್ಟಲೆ ದುಡಿದು ನೀವೇ ತುಂಬಿ ಕಳಿಸಿದ ಪಾತ್ರೆ ಅದು. ಮನೆ ಬಾಗಿಲಿಗೆ ವಾಪಸ್ ಬಂದಾಗ ತಳ ತಿರುಗಿಸಿ ನಿಮ್ಮ ಹೆಸರು ಓದಿಕೊಳ್ಳಿ, ಒಳಗೆ ತೆಗೆದುಕೊಳ್ಳಿ.

ಪೆನ್ನು ಮಾತ್ರ ಒಂದು ಒಳ್ಳೆಯದನ್ನು ಇಂದೇ ತಂದಿಟ್ಟುಕೊಳ್ಳಿ.